ಜೋಡಿ ತಪ್ಪಿದ ಸೆಲ್ಲು

ಕಡೂರಿನಲ್ಲಿ ತಾಲ್ಲೂಕು ವರದಿಗಾರನಾಗಿ ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೆ. ನಿವೃತ್ತನಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಬಂದವರು ಆಗಾಗ ಮನೆಗೆ ಬರುತ್ತಾರೆ. ಸುದ್ದಿ ಎಲ್ಲಿ ಸಿಗುತ್ತದೆ, ಅಧಿಕಾರಿಗಳ ಹತ್ತಿರ ಹೇಗೆ ಮಾತಾಡಬೇಕು ಎಂದು ಕೇಳುತ್ತಾರೆ. ನಾನು ಮೊದಲು ಅವರ ಚೀಲ ತೆಗೆಸಿ ನೋಡುತ್ತೇನೆ. ಕಾಲರ್ ಮೈಕಿಗೆ ಯಾವ ಸೆಲ್ ಹಾಕಿದ್ದಾರೆ, ಯಾವ ಚಾರ್ಜರ್ ಇಟ್ಟುಕೊಂಡಿದ್ದಾರೆ, ಸೆಲ್ಲುಗಳನ್ನೆಲ್ಲ ಒಂದೇ ಸಲ ಕೊಂಡರೇ ಎಂದು ವಿಚಾರಿಸುತ್ತೇನೆ. ಮೊನ್ನೆ ಬಂದ ಹೊಸ ವರದಿಗಾರ್ತಿ ನಕ್ಕುಬಿಟ್ಟಳು.

“ಸರ್, ನಾನು ಜರ್ನಲಿಸಂ ಕೇಳೋಣ ಅಂತ ಬಂದ್ರೆ ನೀವು ಎಲೆಕ್ಟ್ರಿಕ್ ಅಂಗಡಿಯವರ ಥರ ಮಾತಾಡ್ತೀರಲ್ಲ!”

ಆಗ ಅವಳಿಗೆ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ. ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲುಗಳ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ತಪ್ಪಿನ ಮರೆಯಲ್ಲಿ ನಿಂತು ಇನ್ನೊಂದು ತಪ್ಪು ಮಾಡಿದೆ. ಎರಡನೆಯದು ದೊಡ್ಡದು. ಅದನ್ನು ಅನುಭವಿಸಿದವರು ನಾನಲ್ಲ, ಗಿರಿಜಮ್ಮ ಎಂಬ ಬಿಸಿಯೂಟದ ಅಡುಗೆಯವರು.

ನಮಗೆ ಡಿಜಿಟಲ್ ಕ್ಯಾಮೆರಾ ಬಂದ ಹೊಸತು. ಕಚೇರಿಯವರು ಒಂದು ಕ್ಯಾಮೆರಾ, ಧ್ವನಿ ಹಿಡಿಯುವ ಒಂದು ರೆಕಾರ್ಡರ್ ಕೊಟ್ಟರು. ಸೆಲ್ ನಮ್ಮದೇ. ಕ್ಯಾಮೆರಾಕ್ಕೆ ನಾಲ್ಕು ಪೆನ್ಸಿಲ್ ಸೆಲ್, ರೆಕಾರ್ಡರಿಗೆ ಎರಡು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಲ್ ಹಾಕಿದರೆ ಹತ್ತಿಪ್ಪತ್ತು ಫೋಟೋ ತೆಗೆಯುವಷ್ಟರಲ್ಲಿ ಕ್ಯಾಮೆರಾ ಕಣ್ಣು ಮುಚ್ಚುತ್ತಿತ್ತು. ಫ್ಲಾಶ್ ಇರುವ ಕ್ಯಾಮೆರಾ ಒಂದೇ ಬಾರಿಗೆ ಬಹಳ ವಿದ್ಯುತ್ ಎಳೆಯುತ್ತದೆ, ಸಾಮಾನ್ಯ ಸೆಲ್ ಅಷ್ಟನ್ನು ಕೊಡಲಾರದು ಎನ್ನುವುದು ನನಗೆ ಆಗ ತಿಳಿದಿರಲಿಲ್ಲ.

ತಿಳಿದದ್ದು ತರೀಕೆರೆಯಲ್ಲಿ. ತೆಂಗಿನಕಾಯಿ ವರ್ತಕರಿಗೂ ಹಮಾಲರಿಗೂ ಹದಿನೈದು ದಿನದಿಂದ ಜಗಳ ನಡೆದಿತ್ತು. ಕೊನೆಗೆ ರಾಜಿಯಾಗಿ ಬಸ್ ನಿಲ್ದಾಣದ ಎದುರು ಎರಡೂ ಕಡೆಯ ಮುಖಂಡರು ಕೈ ಕುಲುಕಿದರು. ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಆರಿಹೋಯಿತು. ಓಡಿಹೋಗಿ ಬೀಡಾ ಅಂಗಡಿಯಿಂದ ಸೆಲ್ ತಂದು, ದಯವಿಟ್ಟು ಇನ್ನೊಮ್ಮೆ ಕೈ ಕುಲುಕಿ ಎಂದೆ. ಹಮಾಲರ ಮುಖಂಡ ಕೈ ಹಿಂದಕ್ಕೆ ಕಟ್ಟಿಕೊಂಡ.

“ಒಂದ್ಸಲ ಕೊಟ್ಟಿದ್ದೇ ಹೆಚ್ಚು ಕಣ್ರೀ. ನಿಮ್ ಪೇಪರ್‌ಗೋಸ್ಕರ ಇನ್ನೊಂದ್ಸಲ ಕೊಡ್ಬೇಕಾ?”

ವರ್ತಕರು ಇದಕ್ಕೆ ಏನೋ ಅಂದರು. ಮಾತು ಬೆಳೆಯಿತು. ರಾಜಿ ಮತ್ತೆ ಆಗಲು ಎರಡು ದಿನ ಬೇಕಾಯಿತು. ಇದನ್ನು ನಾನು ವರದಿಯಲ್ಲಿ ಬರೆಯಲಿಲ್ಲ.

ಅದಾದ ಮೇಲೆ ನಾವು ಮೂವರು ಸೇರಿ ಹನ್ನೆರಡು ಚಾರ್ಜಬಲ್ ಸೆಲ್ ಕೊಂಡೆವು. ನಾನು, ಅಜ್ಜಂಪುರದ ನಮ್ಮ ವರದಿಗಾರ ಓಂಕಾರಪ್ಪ, ತರೀಕೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಪತ್ರಿಕೆಗೂ ಫೋಟೋ ಕೊಡುತ್ತಿದ್ದ ಮಲ್ಲಣ್ಣ. ಸೆಲ್ಲಿನ ಪ್ಯಾಕೆಟ್ಟಿನ ಜೊತೆಗೇ ಒಂದು ಚಾರ್ಜರ್ ಬಂದಿತ್ತು. ಜೊತೆಗೆ ಬಂದದ್ದು ಎನ್ನುವ ಕಾರಣಕ್ಕೆ ಅದನ್ನು ನಾನು ಇಟ್ಟುಕೊಂಡೆ. ಮಲ್ಲಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ನಂಗೆ ಬೇಡ ಸಾರ್” ಎಂದು ಬೇರೆ ಒಂದನ್ನು ತರಿಸಿಕೊಂಡ. ಏಕೆ ಬೇಡ ಎಂದು ನಾನು ಕೇಳಲಿಲ್ಲ. ಪ್ರಶ್ನೆ ಕೇಳುವುದೇ ಕಸುಬಾದವನು ಅಂದು ಕೇಳದೆ ಬಿಟ್ಟ ಪ್ರಶ್ನೆ ಅದು.

ಕಡೂರಿನ ನಮ್ಮ ಕೋಣೆಯಲ್ಲಿ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಮಲ್ಲಣ್ಣನ ಸ್ಟುಡಿಯೋದಲ್ಲಿ ಯುಪಿಎಸ್ ಇತ್ತು. ಹಾಗಾಗಿ ಖಾಲಿ ಸೆಲ್ಲುಗಳನ್ನು ತರೀಕೆರೆಗೆ ಬಸ್ಸಿನಲ್ಲಿ ಕಳಿಸುವುದು ರೂಢಿಯಾಯಿತು. ಹಿಂದೆ ಸುದ್ದಿಯ ಕವರನ್ನು ಬಸ್ಸಿಗೆ ಹಾಕುತ್ತಿದ್ದೆವಲ್ಲ, ಅದೇ ಕವರು, ಅದೇ ಕಂಡಕ್ಟರ್.

“ಏನ್ ಸಾರ್, ಸುದ್ದಿ ಇವತ್ತು ಇಷ್ಟು ಭಾರ ಐತೆ?”

“ಸೆಲ್ ಕಣಪ್ಪ. ಮಲ್ಲಣ್ಣಂಗೆ ಕೊಡು.”

“ಹಂಗಾರೆ ನಾಳೆ ಪೇಪರ್ ಮುಟ್ಟಿದ್ರೆ ಕರೆಂಟ್ ಹೊಡೀತದೆ ಅನ್ನಿ!”

ಮೂವರಲ್ಲಿ ಯಾರೇ ಖಾಲಿ ಕೈಯಲ್ಲಿ ಬಂದರೂ ಇದ್ದವರು ಕೊಡಬೇಕು, ಇಲ್ಲ ಎನ್ನಬಾರದು. ಇದು ನಾವು ಮಾಡಿಕೊಂಡ ಕಟ್ಟಳೆ. ಮೂರು ಊರಿಗೆ ಮೂರೇ ಜನ, ಒಬ್ಬರ ಫೋಟೋ ತಪ್ಪಿದರೆ ಮೂವರಿಗೂ ಬೈಗುಳ. ಕಟ್ಟಳೆ ಒಳ್ಳೆಯದೇ ಇತ್ತು.

ಸೆಲ್ಲಿನ ವಿದ್ಯೆಯನ್ನು ನಾವು ಕಲಿತದ್ದು ಮಲ್ಲಣ್ಣನಿಂದ. ಅವನು ಮಠದ ಕಾರ್ಯಕ್ರಮಗಳಿಗೆ ಖಾಯಂ ಫೋಟೋಗ್ರಾಫರ್. ಪೂಜೆಯ ನಡುವೆ ಸೆಲ್ ಹೋಯಿತು ಎಂದರೆ ಕೇಳುವವರಿಲ್ಲ. ಆದ್ದರಿಂದ ಆ ವಿಷಯದಲ್ಲಿ ಬಹಳ ಬಿಗಿ. ಹೆಂಡತಿಯ ಉಗುರುಬಣ್ಣ ತಂದು ಸೆಲ್ಲುಗಳ ಬುಡಕ್ಕೆ ಹಚ್ಚುತ್ತಿದ್ದ. ಎರಡಕ್ಕೆ ಕೆಂಪು, ಎರಡಕ್ಕೆ ಗುಲಾಬಿ, ಎರಡಕ್ಕೆ ನೀಲಿ. ಒಟ್ಟಿಗೆ ಕೊಂಡವು ಒಟ್ಟಿಗೇ ದುಡಿಯಬೇಕು, ಒಟ್ಟಿಗೇ ಚಾರ್ಜ್ ಆಗಬೇಕು, ಒಟ್ಟಿಗೇ ಮುದಿಯಾಗಬೇಕು.

“ಸಾರ್, ಇವು ಗಾಡಿ ಎತ್ತುಗಳಿದ್ದಂಗೆ. ಒಂದ್ಕಡೆ ಹೋರಿ, ಒಂದ್ಕಡೆ ಮುದಿ ಎತ್ತು ಕಟ್ಟಿ ಏರು ಹತ್ತಿಸಿ ನೋಡಿ. ಅರ್ಧಕ್ಕೆ ಮುದೀದು ಮಲಗ್ತದೆ. ಹೋರಿಗೆ ಎಷ್ಟ್ ಶಕ್ತಿ ಇದ್ರೇನು, ಗಾಡಿ ನಿಂತಂಗೇ.”

ಓಂಕಾರಪ್ಪನಿಗೆ ಇದೆಲ್ಲ ತಮಾಷೆ. “ಲೇ ಮಲ್ಲ, ನಿನ್ ಹೆಂಡ್ತಿ ಉಗುರಿಗೆ ಏನ್ ಹಚ್ಕೋತಾಳೋ ಪಾಪ” ಎನ್ನುತ್ತಿದ್ದ. ಅವನು ಒಮ್ಮೆ ಅಂಗಡಿಯ ಸಾಮಾನ್ಯ ಸೆಲ್ಲನ್ನೇ ಚಾರ್ಜರಿಗೆ ಹಾಕಿ ಮಲಗಿದ್ದ. ಬೆಳಿಗ್ಗೆ ಸೆಲ್ ಬಿರಿದು, ಬಿಳಿಯ ಲೋಳೆ ಸೋರಿ, ಚಾರ್ಜರಿನ ತಗಡು ತಿಂದುಹೋಗಿತ್ತು. “ಚಾರ್ಜ್ ಮಾಡಬೇಡಿ ಅಂತ ಅದರ ಮೇಲೇ ಬರ್ದೈತಲ್ಲೋ” ಎಂದು ಮಲ್ಲಣ್ಣ ಬೈದರೆ, “ಇರುವೆ ಓದೋ ಅಷ್ಟು ಸಣ್ಣಕ್ಷರದಾಗೆ ಬರೆದ್ರೆ ಮನುಷ್ಯ ಹೆಂಗೋ ಓದ್ಲಿ?” ಎಂದ.

ನಾನೂ ಮಲ್ಲಣ್ಣನ ಮಾತನ್ನು ಒಂದು ಗೀಳು ಎಂದೇ ತಿಳಿದಿದ್ದೆ. ಹೆಸರಿನ ಇನಿಷಿಯಲ್ ತಪ್ಪಬಾರದೆಂದು ಎರಡು ಸಲ ಫೋನ್ ಮಾಡಿ ಕೇಳುವವನು ನಾನು. ಸರ್ವೆ ನಂಬರನ್ನು ಖಾತೆ ಪುಸ್ತಕ ನೋಡಿಯೇ ಬರೆಯುವವನು. ಉಗುರುಬಣ್ಣಕ್ಕೆ ನನ್ನ ಹತ್ತಿರ ಸಮಯವಿರಲಿಲ್ಲ.

ಈಗ ಗಿರಿಜಮ್ಮನ ವಿಷಯ. ಚೌಳಹಿರಿಯೂರು ಹೋಬಳಿಯ ಒಂದು ಹಳ್ಳಿಯ ಶಾಲೆ. ಊರಿನ ಹೆಸರು ಬರೆಯುವುದಿಲ್ಲ, ಏಕೆಂದು ಮುಂದೆ ತಿಳಿಯುತ್ತದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಹನ್ನೊಂದು ಮಕ್ಕಳಿಗೆ ವಾಂತಿ ಶುರುವಾಯಿತು. ಎಲ್ಲರನ್ನೂ ಕಡೂರಿಗೆ ಕರೆತಂದರು. ಸಂಜೆಯೊಳಗೆ ಎಲ್ಲರೂ ಸುಧಾರಿಸಿಕೊಂಡು ಮನೆಗೆ ಹೋದರು. ನಾನು ಆಸ್ಪತ್ರೆಯ ಅಂಗಳದಲ್ಲಿ ಪಾಲಕರನ್ನು ಕಂಡೆ, ಅಲ್ಲಿದ್ದ ಒಬ್ಬ ಅಧಿಕಾರಿಯನ್ನು ಕಂಡೆ. ಅವರು ಹೆಸರು ಹಾಕಬೇಡಿ ಎಂದು ಹೇಳಿ, “ಅಡುಗೆಯವರದೇ ನೆಗ್ಲಿಜೆನ್ಸ್ ಬಿಡಿ” ಎಂದರು. ಶಾಲೆಗೆ ಹೋಗಲು ಹೊತ್ತಾಗಿತ್ತು. ‘ಅಡುಗೆ ಸಿಬ್ಬಂದಿಯ ನಿರ್ಲಕ್ಷ್ಯವೇ ಘಟನೆಗೆ ಕಾರಣ ಎಂದು ತಿಳಿದುಬಂದಿದೆ’ ಎಂದು ಬರೆದು ಕಳಿಸಿದೆ.

ಹೊಸಬರು ಈ ‘ತಿಳಿದುಬಂದಿದೆ’ ಎನ್ನುವ ಪದವನ್ನು ಗಮನಿಸಬೇಕು. ಯಾರು ತಿಳಿಸಿದರು, ಅವರಿಗೆ ಹೇಗೆ ಗೊತ್ತು, ಯಾವುದನ್ನೂ ಅದು ಹೇಳುವುದಿಲ್ಲ. ಆ ಪದವನ್ನು ನಾನು ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಬಳಸಿದೆನೋ ಲೆಕ್ಕವಿಲ್ಲ.

ಎರಡು ದಿನದ ಮೇಲೆ ಗಿರಿಜಮ್ಮ ನಮ್ಮ ಕೋಣೆಗೆ ಬಂದರು. ಬಸ್ ನಿಲ್ದಾಣದ ಹತ್ತಿರ ಬೇಕರಿಯ ಮೇಲಿನ ಕೋಣೆ ಅದು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ ಮಡಿಸಿದ ಪತ್ರಿಕೆಯನ್ನು ಮೇಜಿನ ಮೇಲಿಟ್ಟರು.

“ಇದ್ನ ಬರೆದೋರು ನೀವೇನಾ ಸ್ವಾಮಿ?”

“ಹೌದಮ್ಮ. ಕೂತ್ಕೊಳ್ಳಿ.”

“ಕೂರಾಕೆ ಬಂದಿಲ್ಲ. ನಮ್ ಅಡುಗೆ ಕೋಣೆ ನೋಡಿದ್ರಾ ನೀವು?”

“ಇಲ್ಲ.”

“ನನ್ನ ಕೇಳಿದ್ರಾ?”

“ಇಲ್ಲಮ್ಮ.”

“ಆವತ್ತಿನ ಅನ್ನ, ಸಾರು ನಾನೂ ಉಂಡಿದೀನಿ. ನನ್ ಜೊತೆಗಿರೋಳೂ ಉಂಡವ್ಳೆ. ನಮಗ್ಯಾಕೆ ಏನೂ ಆಗ್ಲಿಲ್ಲ? ನಾವು ಕುಡಿಯೋ ನೀರು ಮನೆಯಿಂದ ತತ್ತೀವಿ. ಮಕ್ಕಳು ಕುಡಿಯೋದು ಶಾಲೆ ಹಿಂದಿನ ಸಣ್ ಟ್ಯಾಂಕಿನ ನಲ್ಲಿ ನೀರು. ಸಾರಾದ್ರೆ ಕುದ್ದಿರ್ತದೆ ಸ್ವಾಮಿ, ನೀರು ಯಾರು ಕುದಿಸ್ತಾರೆ? ಆ ಟ್ಯಾಂಕ್ ಹತ್ತಿ ನೋಡಿ ಹೋಗಿ.”

ಮುಂದಿನ ಸೋಮವಾರ ಸಭೆಯಿದೆ, ತನ್ನನ್ನು ತೆಗೆಯುವ ಮಾತು ನಡೆದಿದೆ ಎಂದರು. ಕೆಲಸ ಹೋಗುವುದಕ್ಕಿಂತ ಹೆಸರು ಹೋಗುವುದು ಅವರನ್ನು ಹೆಚ್ಚು ಕಾಡಿತ್ತು. ಸುತ್ತಲ ಊರುಗಳಲ್ಲಿ ಗೃಹಪ್ರವೇಶ, ನಾಮಕರಣ ಏನೇ ಇದ್ದರೂ ಅಡುಗೆಗೆ ಅವರನ್ನೇ ಕರೆಯುತ್ತಿದ್ದರು. ಮೊನ್ನೆಯಷ್ಟೇ ಅಡುಗೆಗೆ ಗೊತ್ತುಮಾಡಿದ್ದ ಒಂದು ಕಡೆಯವರು ಬೇಡ ಎಂದು ಹೇಳಿ ಕಳಿಸಿದ್ದರು.

ಆ ಊರಿನ ನೀರುಗಂಟಿಯನ್ನು ನಾನು ಹುಡುಕಿಕೊಂಡು ಹೋದೆ. ಟ್ಯಾಂಕಿಗೆ ನೀರು ಬಿಡುವುದು, ಅದನ್ನು ತೊಳೆಯುವುದು ಅವನ ಕೆಲಸ. ಮೊದಲ ದಿನ ಅವನು ಮಾತೇ ಆಡಲಿಲ್ಲ. ಎರಡನೆಯ ದಿನ ಮನೆಯ ಗೇಟಿನವರೆಗೆ ಬಂದು, ಶುಕ್ರವಾರ ಹನ್ನೊಂದು ಗಂಟೆಗೆ ಪಂಪ್‌ಹೌಸ್ ಹತ್ತಿರ ಬನ್ನಿ ಎಂದ.

“ಆ ಹೆಂಗಸಿನ ಸಾಪ ನಂಗ್ಯಾಕೆ? ಹೇಳ್ತೀನಿ. ಆದ್ರೆ ಬರ್ಕೋಬೇಡಿ ಸಾ, ಮಿಷಿನ್ನಾಗೆ ಹಿಡ್ಕಳಿ. ಬರ್ಕೊಂಡ್ರೆ ನಾನಂದಿದ್ದೊಂದು, ನೀವು ಬರೆದಿದ್ದೊಂದು ಅಂತಾರೆ. ನಾಳೆ ನನ್ನ ಕರೆದು ಕೇಳಿದ್ರೆ ನನ್ ಬಾಯೇ ಸಾಕ್ಷಿ ಆಗ್ಲಿ. ಒಂದೇ ಸಲ ಹೇಳ್ತೀನಿ, ಎರಡನೇ ಸಲ ಧೈರ್ಯ ಬರಲ್ಲ.”

ಗುರುವಾರ ಸಂಜೆ ಐದು ಗಂಟೆಗೆ ಓಂಕಾರಪ್ಪ ಕಡೂರು ಬಸ್ ನಿಲ್ದಾಣದಲ್ಲಿ ಇಳಿದ. ಮರುದಿನ ಲಿಂಗದಹಳ್ಳಿಯ ಕಡೆ ಕಾಡಂಚಿನ ಹೊಲಕ್ಕೆ ಆನೆ ನುಗ್ಗಿದ್ದರ ಫೋಟೋ ತೆಗೆಯಬೇಕಿತ್ತು. ಅವನ ನಾಲ್ಕು ಸೆಲ್ಲಿನಲ್ಲಿ ಒಂದು ಸತ್ತಿತ್ತು.

“ಅಣ್ಣ, ಒಂದೇ ಒಂದು ಕೊಡು. ಆನೆ ಏನ್ ನಿಂತ್ಕಂಡು ಇನ್ನೊಂದ್ಸಲ ಪೋಸ್ ಕೊಡ್ತದಾ?”

ನನ್ನ ಹತ್ತಿರ ಕೆಂಪು ಬಣ್ಣದ ಒಂದು ಜೋಡಿ ಇತ್ತು, ರಬ್ಬರ್ ಬ್ಯಾಂಡ್ ಸುತ್ತಿದ್ದು, ನಾಳೆಯ ರೆಕಾರ್ಡರಿಗಾಗಿಯೇ ಇಟ್ಟದ್ದು. ಇಲ್ಲ ಎನ್ನುವಂತಿರಲಿಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿ ಒಂದು ಕೊಟ್ಟೆ. ಉಳಿದ ಒಂದಕ್ಕೆ ಮೇಜಿನ ಖಾನೆಯಲ್ಲಿ ಎಂದೋ ಬಿದ್ದಿದ್ದ ಇನ್ನೊಂದು ಹಳೆಯ ಚಾರ್ಜಬಲ್ ಸೆಲ್ಲನ್ನು ಜೊತೆ ಮಾಡಿ, ಪ್ಯಾಕೆಟ್ಟಿನೊಂದಿಗೆ ಬಂದಿದ್ದ ನನ್ನ ಚಾರ್ಜರಿನಲ್ಲಿಟ್ಟೆ. ಬೆಳಿಗ್ಗೆ ನೋಡಿದಾಗ ಹಸಿರು ದೀಪ ಹೊತ್ತಿತ್ತು. ರೆಕಾರ್ಡರಿಗೆ ಹಾಕಿ ನೋಡಿದೆ, ಪರದೆಯ ಮೇಲೆ ಮೂರು ಗೆರೆಗಳೂ ತುಂಬಿದ್ದವು. ಹೊರಟೆ.

ಪಂಪ್‌ಹೌಸ್ ಹತ್ತಿರ ಹೊಂಗೆ ಮರದ ಕೆಳಗೆ ನೀರುಗಂಟಿ ಕೂತಿದ್ದ. ರೆಕಾರ್ಡರನ್ನು ನಮ್ಮಿಬ್ಬರ ನಡುವೆ ಕಲ್ಲಿನ ಮೇಲಿಟ್ಟು ಗುಂಡಿ ಒತ್ತಿದೆ. ಅವನು ಸುಮಾರು ಹತ್ತು ನಿಮಿಷ ಮಾತಾಡಿದ. ಟ್ಯಾಂಕನ್ನು ಎಷ್ಟು ಕಾಲದಿಂದ ತೊಳೆದಿರಲಿಲ್ಲ, ತೊಳೆದಂತೆ ಸಹಿ ಹಾಕಿಸಿದ್ದು ಹೇಗೆ, ಅಂದು ಒಳಗೆ ಏನಿತ್ತು, ಎಲ್ಲವನ್ನೂ ಹೇಳಿದ. ಕಲ್ಲಿನ ಮೇಲಿನ ಯಂತ್ರವನ್ನು ನೋಡದೆ ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಎದುರಿನವರ ಮುಖ ನೋಡಬೇಕೆಂದು ನಾನೇ ಹೊಸಬರಿಗೆ ಕಲಿಸುತ್ತಿದ್ದೆ. ಅವನು ಎದ್ದ ಮೇಲೆ ನಿಲ್ಲಿಸುವ ಗುಂಡಿ ಒತ್ತಲು ಬಗ್ಗಿದೆ. ಪರದೆ ಕಪ್ಪಾಗಿತ್ತು.

ಸೆಲ್ ತೆಗೆದು ಅಂಗೈಯಲ್ಲಿ ಉಜ್ಜಿದೆ. ಅದಲು ಬದಲು ಮಾಡಿ ಹಾಕಿದೆ. ಯಂತ್ರ ಒಂದು ಕ್ಷಣ ಮಿನುಗಿ ಆರಿತು. ಆಗಿನ ನನ್ನ ಫೋನು ಮಾತಾಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಆಗುತ್ತಿರಲಿಲ್ಲ.

“ಹಿಡಿದಿಲ್ವಾ?” ಎಂದ ನೀರುಗಂಟಿ.

“ಇಲ್ಲ. ಸೆಲ್ ಹೋಯ್ತು. ಬೀರೂರಿಗೆ ಹೋಗಿ ತರ್ತೀನಿ, ಇನ್ನೊಂದು ಸಲ...”

ಅವನು ಆಕಾಶದ ಕಡೆ ಕೈ ಮುಗಿದ. ಅವನ ಮುಖದಲ್ಲಿ ಅಂಥ ನಿರಾಳವನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ದೇವ್ರು ದೊಡ್ಡೋನು ಸಾ. ಹಂಗಾರೆ ನಾನೇನೂ ಹೇಳಿಲ್ಲ.”

ಬೀರೂರಿಗೆ ಹೋಗಿ ಹೊಸ ಸೆಲ್ ತಂದು ಎರಡು ಗಂಟೆಗೆ ಅವನ ಮನೆ ಮುಂದೆ ನಿಂತೆ. ನೆಂಟರ ಮನೆಗೆ ಹೋದರು ಎಂದು ಹೆಂಡತಿ ಬಾಗಿಲ ಸಂದಿಯಿಂದಲೇ ಹೇಳಿದಳು. ಹೊಸ ಸೆಲ್ ಹಾಕಿ ರೆಕಾರ್ಡರ್ ತೆರೆದರೆ ಅಂದಿನ ದಿನಾಂಕದ ಕಡತ ಇತ್ತು, ಒಳಗೆ ಏನೂ ಇರಲಿಲ್ಲ. ನಡುವೆ ವಿದ್ಯುತ್ ನಿಂತರೆ ಕಡತ ಮುಚ್ಚುವುದಿಲ್ಲ, ಅದುವರೆಗೆ ಹಿಡಿದದ್ದೂ ಉಳಿಯುವುದಿಲ್ಲ. ಇದು ನನಗೆ ಅಂದು ತಿಳಿಯಿತು. ರಸ್ತೆಯ ಬದಿಯಲ್ಲಿ ಕೂತು, ಅವನು ಹೇಳಿದ್ದನ್ನೆಲ್ಲ ನೆನಪಿನಿಂದ ನೋಟ್‌ಬುಕ್ಕಿಗೆ ಇಳಿಸಿದೆ. ಒಂದು ಮಾತೂ ಮರೆತಿರಲಿಲ್ಲ.

ಸಂಜೆ ಕಚೇರಿಗೆ, ನಮ್ಮ ಸುದ್ದಿ ತಿದ್ದುವ ಡೆಸ್ಕಿನ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಕಟ್ಟುನಿಟ್ಟಿನ ಮನುಷ್ಯ, ನನಗೆ ಕೆಲಸ ಕಲಿಸಿದವರು.

“ಧ್ವನಿ ಇದೆಯೇನ್ರೀ?”

“ಇಲ್ಲ ಸರ್. ಟಿಪ್ಪಣಿ ಇದೆ.”

“ಟಿಪ್ಪಣಿ ನಿಮ್ಮದು ಕಣ್ರೀ, ಅವನದಲ್ಲ. ನಾಳೆ ಅವನು ಹೇಳೇ ಇಲ್ಲ ಅಂದರೆ?”

“ಈಗಾಗಲೇ ಅಂದಿದ್ದಾನೆ ಸರ್.”

“ಹಾಗಾದರೆ ಮುಗೀತಲ್ಲ.”

ಅಲ್ಲಿಗೆ ಮುಗಿಯಿತು. ಮುಗಿಯಬೇಕಾಗಿರಲಿಲ್ಲ. ಗಿರಿಜಮ್ಮನ ಹೇಳಿಕೆಯನ್ನು ಅವರ ಹೆಸರಿನಲ್ಲೇ ಬರೆಯಬಹುದಿತ್ತು. ಮೊದಲ ದಿನವೇ ಟ್ಯಾಂಕ್ ಹತ್ತಿ ಫೋಟೋ ತೆಗೆಯಬಹುದಿತ್ತು. ಶನಿವಾರ ಹೋಗುವಷ್ಟರಲ್ಲಿ ಅದನ್ನು ತೊಳೆದು ಸುಣ್ಣ ಬಳಿದಿದ್ದರು. ‘ಅಡುಗೆಯವರೂ ಅದೇ ಊಟ ಮಾಡಿದ್ದರು’ ಎಂಬ ಒಂದು ವಾಕ್ಯ ಬರೆಯಲು ಯಾವ ಧ್ವನಿಮುದ್ರಣವೂ ಬೇಕಿರಲಿಲ್ಲ. ನಾನು ಡೆಸ್ಕಿನ ಜೊತೆ ಇನ್ನೊಂದು ಮಾತು ಆಡಲಿಲ್ಲ. ನಿಜ ಹೇಳಬೇಕೆಂದರೆ ಫೋನ್ ಇಟ್ಟಾಗ ನನಗೂ ಸ್ವಲ್ಪ ಹಗುರವೆನಿಸಿತು. ತಪ್ಪು ವರದಿ ನನ್ನದೇ ಆಗಿತ್ತು, ಅದನ್ನು ತಿದ್ದದಿರಲು ಈಗ ಕಚೇರಿಯ ನಿಯಮವೇ ಸಿಕ್ಕಿತ್ತು.

ಸೋಮವಾರ ಗಿರಿಜಮ್ಮನನ್ನು ತೆಗೆದರು. ಆ ಸುದ್ದಿಯನ್ನೂ ನಾನೇ ಬರೆದೆ, ನಾಲ್ಕು ಸಾಲು.

ಆ ವಾರ ತರೀಕೆರೆಗೆ ಹೋಗಿ ಎರಡೂ ಸೆಲ್ಲನ್ನು ಮಲ್ಲಣ್ಣನ ಮುಂದಿಟ್ಟೆ. ಅವನು ಮೀಟರ್ ಹಿಡಿದು ನೋಡಿದ. ಕೆಂಪು ಗುರುತಿನದು ಚೆನ್ನಾಗಿತ್ತು. ಖಾನೆಯಲ್ಲಿ ಬಿದ್ದಿದ್ದ ಹಳೆಯದು ಪೂರ್ತಿ ಬರಿದಾಗಿತ್ತು.

“ಹಸಿರು ದೀಪ ಬಂದಿತ್ತಲ್ಲೋ ಮಲ್ಲಣ್ಣ?”

“ಅದು ಗಡಿಯಾರ ಸಾರ್. ಇಷ್ಟು ಗಂಟೆ ಆಯ್ತು ಅಂತ ಹೇಳ್ತದೆ ಅಷ್ಟೇ. ಒಳಗೆ ಶೆಲ್ಲು ತುಂಬ್ತೋ ಬಿಡ್ತೋ ಅದಕ್ಕೇನ್ ಗೊತ್ತು? ಬಿಸಿಬಿಸಿ ತೆಗೆದು ಹಾಕಿದ್ರೆ ರೆಕಾರ್ಡರಿನಾಗೂ ಗೆರೆ ತುಂಬಿದಂಗೇ ಕಾಣ್ತವೆ, ಹತ್ತು ನಿಮಿಷಕ್ಕೆ ಇಳೀತವೆ. ತುಂಬೈತೆ ಅಂತ ಅದು ಹೇಳಿಲ್ಲ, ನೀವು ಅಂದ್ಕೊಂಡ್ರಿ. ಅದ್ಕೇ ನಾನು ಆ ಚಾರ್ಜರ್ ಬೇಡ ಅಂದಿದ್ದು.”

“ಆವತ್ತೇ ಹೇಳ್ಬಾರದಿತ್ತೇನೋ?”

“ನೀವ್ ಕೇಳಿದ್ರೆ ತಾನೇ?”

ಆಮೇಲೆ ನಾನು ಕಲಿತದ್ದನ್ನು ಹೊಸಬರಿಗೆ ಹೇಳುತ್ತೇನೆ. ಕೆಲಸಕ್ಕೂ ಆಯಿತು, ಮನೆಗೂ ಆಯಿತು.

ಮೊದಲು ಚಾರ್ಜರ್ ಆರಿಸಿ, ಸೆಲ್ ಆಮೇಲೆ. ಕಡಿಮೆ ದರ್ಜೆಯ ಚಾರ್ಜರುಗಳು ಎರಡೆರಡು ಸೆಲ್ಲನ್ನು ಜೋಡಿಯಾಗಿಯೇ ತುಂಬಿಸುತ್ತವೆ, ಹೊತ್ತು ನೋಡಿ ನಿಲ್ಲಿಸುತ್ತವೆ. ಅವುಗಳಲ್ಲಿ ಅರ್ಧ ತುಂಬಿದ್ದೂ ಪೂರ್ತಿ ಖಾಲಿಯೂ ಜೊತೆಗೆ ಬಿದ್ದರೆ ಒಂದು ಅತಿಯಾಗಿ ಕಾಯುತ್ತದೆ, ಇನ್ನೊಂದು ಅರೆಹೊಟ್ಟೆಯಲ್ಲಿ ಏಳುತ್ತದೆ. ಪ್ರತಿ ಸೆಲ್ಲಿಗೂ ಬೇರೆ ಬೇರೆ ದೀಪವಿದ್ದು, ಆಯಾ ಸೆಲ್ ತುಂಬಿದ್ದನ್ನು ತಾನೇ ಅರಿತು ನಿಲ್ಲಿಸುವ ಚಾರ್ಜರನ್ನೇ ಕೊಳ್ಳಬೇಕು. ಹಾಳಾದ ಸೆಲ್ಲನ್ನು ಗುರುತಿಸಿ ಬೇಡವೆನ್ನುವ ಚಾರ್ಜರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾಲು ಗಂಟೆಯಲ್ಲಿ ತುಂಬಿಸುತ್ತೇವೆ ಎನ್ನುವವು ಸೆಲ್ಲನ್ನು ಸುಡುವಷ್ಟು ಬಿಸಿ ಮಾಡುತ್ತವೆ, ಆಯುಸ್ಸು ಕಡಿಮೆಯಾಗುತ್ತದೆ. ನಾಲ್ಕೈದು ಗಂಟೆ ತೆಗೆದುಕೊಳ್ಳುವುದೇ ವಾಸಿ.

ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂದು ಸೆಲ್ಲಿನ ಮೇಲೆ ಎಂಎಎಚ್ ಲೆಕ್ಕದಲ್ಲಿ ಬರೆದ ದೊಡ್ಡ ಅಂಕಿಗೆ ಮರುಳಾಗಬಾರದು. ಪೆನ್ಸಿಲ್ ಸೆಲ್ಲಿನ ಮೇಲೆ ಎರಡು ಸಾವಿರದ ಆಸುಪಾಸಿನ ಅಂಕಿ ಇದ್ದರೆ ನಂಬಬಹುದು. ನಾಲ್ಕು ಸಾವಿರ ಎಂದು ಬರೆದಿದ್ದರೆ ಅದನ್ನು ಬರೆದವರಿಗೆ ನಾಚಿಕೆಯಿಲ್ಲ ಎಂದಷ್ಟೇ ಅರ್ಥ. ಕೈಯಲ್ಲಿ ತೂಗಿ ನೋಡಿದರೂ ತಿಳಿಯುತ್ತದೆ, ಸುಳ್ಳು ಸೆಲ್ ಹಗುರ. ಅಂಕಿಗಿಂತ ಮುಖ್ಯವಾದದ್ದು ಸುಮ್ಮನೆ ಇಟ್ಟಾಗ ಸೆಲ್ ಎಷ್ಟು ಬೇಗ ಸೋರುತ್ತದೆ ಎನ್ನುವುದು. ಹಳೆಯ ಬಗೆಯವು ಒಂದೆರಡು ತಿಂಗಳಲ್ಲಿ ತಾವಾಗಿ ಬರಿದಾಗುತ್ತಿದ್ದವು. ನನ್ನ ಖಾನೆಯಲ್ಲಿದ್ದದ್ದು ಅಂಥದು. ಈಗ ವರ್ಷವಿಟ್ಟರೂ ಬಹುಪಾಲು ಉಳಿಸಿಕೊಳ್ಳುವವು ಸಿಗುತ್ತವೆ. ಚಾರ್ಜ್ ಮಾಡಿಯೇ ಮಾರುವ, ಕೊಂಡ ತಕ್ಷಣ ಬಳಸಬಹುದು ಎಂದು ಬರೆದಿರುವ ಬಗೆ ಅದು. ಮನೆಯಲ್ಲಿ ಬಿಪಿ ನೋಡುವ ಯಂತ್ರಕ್ಕೆ, ಟಾರ್ಚಿಗೆ, ಮಕ್ಕಳ ಆಟಿಕೆಗೆ ಇದೇ ಸರಿ. ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಚಾರ್ಜಬಲ್ ಸೆಲ್ ಬೇಕೇಬೇಕು ಎಂದಿಲ್ಲ. ಅವು ಎಳೆಯುವುದು ಬಹಳ ಕಡಿಮೆ, ಒಂದು ಒಳ್ಳೆಯ ಸಾಮಾನ್ಯ ಸೆಲ್ ಸಾಕು. ಈಗೀಗ ಫೋನಿನ ವೈರನ್ನೇ ಚುಚ್ಚಿ ಚಾರ್ಜ್ ಮಾಡುವ ಲಿಥಿಯಂ ಸೆಲ್ ಬಂದಿದೆ. ಅದನ್ನು ಹಳೆಯ ಚಾರ್ಜರಿನಲ್ಲಿ ಇಡಲೇಬಾರದು.

ಜೋಡಿಗೆ ಗುರುತು ಹಾಕಿ, ಕೊಂಡ ತಿಂಗಳು ಬರೆಯಿರಿ, ಜೋಡಿ ಒಡೆಯಬೇಡಿ. ಗೆಳೆಯ ಕೇಳಿದರೆ ಎರಡನ್ನೂ ಕೊಡಿ, ಇಲ್ಲವೇ ಎರಡನ್ನೂ ಕೊಡಬೇಡಿ. ಮಾತು ಹಿಡಿಯುವಾಗ ಯಂತ್ರದ ಕಡೆಗೂ ಒಂದು ಕಣ್ಣಿರಲಿ. ಇಷ್ಟನ್ನೂ ಮಾಡಿದ ಮೇಲೆ ಇದು ಬರೀ ಸಲಕರಣೆ ಎಂಬುದು ನೆನಪಿರಲಿ. ನನಗೆ ಅದು ನೆನಪಿರಲಿಲ್ಲ. ವರ್ಷಗಟ್ಟಲೆ ನಾನು ಈ ಕಥೆಯನ್ನು ಸೆಲ್ಲಿನ ಕಥೆಯಾಗಿಯೇ ಹೇಳಿಕೊಂಡು ಬಂದೆ. ಸೆಲ್ ಹೋಯಿತು, ಹಾಗಾಗಿ ಸುದ್ದಿ ಹೋಯಿತು, ಹಾಗಾಗಿ ಆಕೆಯ ಕೆಲಸ ಹೋಯಿತು ಎಂದು.

ನಿವೃತ್ತನಾದ ಮೇಲೆ ಗಿರಿಜಮ್ಮನ ಮನೆಗೆ ಹೋದೆ. ನೀರುಗಂಟಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಮನೆಯವರು ಅದೇ ಊರಿನಲ್ಲಿದ್ದಾರೆ, ಆದ್ದರಿಂದ ಅವನ ಹೆಸರೂ ಊರಿನ ಹೆಸರೂ ಇಲ್ಲಿಲ್ಲ. ಗಿರಿಜಮ್ಮ ಎರಡು ಎಮ್ಮೆ ಕಟ್ಟಿದ್ದಾರೆ, ಡೇರಿಗೆ ಹಾಲು ಹಾಕುತ್ತಾರೆ. ಅಂಗಳದಲ್ಲಿ ಕುರ್ಚಿ ಹಾಕಿಸಿದರು. ನನ್ನನ್ನು ಗುರುತಿಸಲು ಅವರಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.

“ಪೇಪರ್‌ನೋರು. ಬಾಳ ದಿನ ಆಯ್ತು.”

“ಅಡುಗೆಗೆ ಹೋಗ್ತೀರಾಮ್ಮ ಈಗ?”

“ಎಲ್ಲಿಂದ ಬಂತು? ಮದುವೆ ಮನೆಗೆ ಕರೀತಾರೆ ಸ್ವಾಮಿ, ಉಣ್ಣಾಕೆ. ಸೌಟು ಹಿಡಿಯಾಕೆ ಯಾರೂ ಕರೆಯಲ್ಲ. ಯಾರೂ ಬಾಯ್ಬಿಟ್ಟು ಏನೂ ಅನ್ನಲ್ಲ. ಕರೆಯಲ್ಲ ಅಷ್ಟೇ.”

ನಾನು ನಡೆದದ್ದನ್ನೆಲ್ಲ ಹೇಳಿದೆ. ನೀರುಗಂಟಿ ಪಂಪ್‌ಹೌಸ್ ಹತ್ತಿರ ಎಲ್ಲವನ್ನೂ ಒಪ್ಪಿಕೊಂಡದ್ದು ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಓಂಕಾರಪ್ಪನಿಗೆ ಒಂದು ಸೆಲ್ ಕೊಟ್ಟದ್ದು, ಚಾರ್ಜರ್ ಮೋಸ ಮಾಡಿದ್ದು, ಧ್ವನಿಯಿಲ್ಲದೆ ಕಚೇರಿ ಒಪ್ಪದೇ ಹೋದದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿ, “ಸೆಲ್ ಹೋಗದೇ ಇದ್ದಿದ್ರೆ ನಿಮ್ಮ ಹೆಸರು ಉಳೀತಿತ್ತಮ್ಮ. ನನ್ನಿಂದ ತಪ್ಪಾಯ್ತು” ಎಂದೆ.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿ ಹೇಳುತ್ತಿರುವ ಮಗುವನ್ನು ನೋಡುವ ಹಾಗೆ ನೋಡಿದರು.

“ಅಲ್ಲ ಸ್ವಾಮಿ, ಶೆಲ್ಲು ಹೋಯ್ತು ಸರಿ. ನಿಮ್ ಕಿವಿ ಎಲ್ಲೋಗಿತ್ತು? ಅವನು ಹೇಳಿದ್ದ ನೀವು ಕೇಳಿದ್ರೋ ಇಲ್ವೋ?”

“ಕೇಳಿದೆ.”

“ಅಡುಗೆಯೋಳದೇ ತಪ್ಪು ಅಂತ ಮೊದಲು ಬರೆದ್ರಲ್ಲ, ಅದನ್ನ ಮಿಷಿನ್ನಾಗೆ ಹಿಡಿದಿದ್ರಾ?”

ಆ ಅಧಿಕಾರಿಯ ಮಾತನ್ನು ನಾನು ಹಿಡಿದಿರಲಿಲ್ಲ, ಡೆಸ್ಕ್ ಕೇಳಿಯೂ ಇರಲಿಲ್ಲ. ದೂರಲು ಕಿವಿ ಸಾಕಾಗಿತ್ತು. ದೂರನ್ನು ಅಳಿಸುವುದಕ್ಕೆ ಮಾತ್ರ ಯಂತ್ರ ಬೇಕಾಯಿತು. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ, ಅಥವಾ ಹೊಳೆಯದಂತೆ ನೋಡಿಕೊಂಡಿದ್ದೆ.

“ಈಗ ಬರೀಲಾಮ್ಮ?” ಎಂದು ಕೇಳಿದೆ.

“ಆವತ್ತು ಓದಿದೋರಲ್ಲಿ ಎಷ್ಟು ಜನ ಅವ್ರೆ ಈಗ? ನನ್ ಕೈಲಿ ಸೌಟು ಕೊಡೋರು ಯಾರೂ ಇಲ್ಲ, ನಂಗೂ ಇನ್ನು ಹಿಡಿಯಾಕಾಗಲ್ಲ.” ಎಮ್ಮೆಗೆ ಹುಲ್ಲು ಹಾಕಲು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿದರು. “ಬರೀರಿ. ನನ್ ಹೆಸರು ಹಾಕಿ ಬರೀರಿ.”

ಬರೆಯುತ್ತಿದ್ದೇನೆ. ನೀರುಗಂಟಿ ಹೇಳಿದ್ದರಲ್ಲಿ ಮುಖ್ಯವಾದದ್ದು ಇದು, ನೋಟ್‌ಬುಕ್ಕಿನಲ್ಲಿದ್ದಂತೆಯೇ, ಒಂದಕ್ಷರ ಬದಲಿಸಿಲ್ಲ:

“ಮೂರು ತಿಂಗಳಾತು ಸಾ, ಶಾಲೆ ಟ್ಯಾಂಕ್ ತೊಳೆದಿಲ್ಲ. ತೊಳೆದೀವಿ ಅಂತ ಪುಸ್ತಕದಾಗೆ ಸೈನ್ ಹಾಕು ಅಂದ್ರು, ಹಾಕ್ದೆ. ಮುಚ್ಚಳ ಒಡೆದೋಗಿತ್ತು, ಹೇಳಿದ್ದೆ, ಯಾರೂ ಕೇಳ್ಲಿಲ್ಲ. ಮಕ್ಕಳಿಗೆ ವಾಂತಿ ಆತು ಅಂದ ಮೇಲೆ ಹತ್ತಿ ನೋಡಿದ್ರೆ ಒಳಗೆ ಕಾಗೆ ಸತ್ತು ಕೊಳೆತಿತ್ತು. ನಾನೇ ತೆಗೆದು ಹೂತಾಕ್ದೆ. ಗಿರಿಜಮ್ಮಂದು ಏನೂ ತಪ್ಪಿಲ್ಲ. ಆಯಮ್ಮನ ಅಡುಗೆ ಸುದ್ಧ.”

ಇದರ ಧ್ವನಿಮುದ್ರಣ ಇಲ್ಲ. ನಾನು ಕೇಳಿದ್ದೇನೆ.